ಪಡುವಣ ಗಾಳಿ, ಮೂಡಣ ನಾಡು

ಯಾವ ಜನಾಂಗದ ಸಂಸ್ಕೃತಿಯೂ ನಾಲ್ಕು ಗೋಡೆಗಳ ನಡುವೆ ಬೆಳೆದುದಲ್ಲ. ನದಿಯು ತಾನು ಹರಿದ ನೆಲದ ಮಣ್ಣನ್ನೂ ತನ್ನನ್ನು ಕೂಡಿಕೊಂಡ ತೊರೆಗಳ ನೀರನ್ನೂ ಹೊತ್ತು ಮುಂದೆ ಸಾಗುವಂತೆ, ಸಂಸ್ಕೃತಿಯೂ ಹಲವು ಕಡೆಗಳಿಂದ ಪಡೆಯುತ್ತ, ಹಲವು ಕಡೆಗಳಿಗೆ ಕೊಡುತ್ತ ಬೆಳೆಯುತ್ತದೆ. ಭಾರತದಲ್ಲಿ ರೂಪುಗೊಂಡ ಅಂಕಪದ್ಧತಿ ಅರಬರ ಮೂಲಕ ಯೂರೋಪನ್ನು ಸೇರಿತು. ಚೀನೀಯರು ಕಂಡುಹಿಡಿದ ಕಾಗದ ಜಗತ್ತಿನ ಸೊತ್ತಾಯಿತು. ನಮ್ಮ ಅಡುಗೆಮನೆಯನ್ನೇ ನೋಡಿದರೆ ಸಾಕು, ಇಂದು ನಾವು ನಮ್ಮದೆಂದೇ ತಿಳಿದಿರುವ ಮೆಣಸಿನಕಾಯಿ, ಆಲೂಗೆಡ್ಡೆ, ಟೊಮೇಟೊಗಳು ಮೂಲತಃ ಅಮೆರಿಕ ಖಂಡದವು. ‘ಚಾವಿ’, ‘ಪಗಾರ’, ‘ಅಲಮಾರು’ ಎಂಬ ಮಾತುಗಳು ಪೋರ್ಚುಗೀಸರೊಡನೆ ಬಂದು ಕನ್ನಡಿಗರ ಮನೆಗಳಲ್ಲಿ ನೆಲೆಸಿದವು. ಹೀಗೆ ಬಂದುದರಿಂದ ಕನ್ನಡ ಬಡವಾಗಲಿಲ್ಲ, ನಮ್ಮ ಊಟ ಕೆಡಲಿಲ್ಲ.

ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಪಾಶ್ಚಾತ್ಯ ಸಂಸ್ಕೃತಿಯು ಪ್ರಪಂಚದಲ್ಲೆಲ್ಲ ಹರಡಿದ ರೀತಿ ಬೇರೆಯೇ ಆಗಿತ್ತು. ಹಿಂದಿನ ಕೊಳುಕೊಡೆ ಒಂಟೆಯ ಸಾಲಿನ ವೇಗದಲ್ಲಿ, ಹಾಯಿಹಡಗಿನ ವೇಗದಲ್ಲಿ ತಲೆಮಾರುಗಟ್ಟಲೆ ನಡೆಯುತ್ತಿತ್ತು. ಹೊಸ ಕಾಲದಲ್ಲಿ ಉಗಿಹಡಗು, ತಂತಿ ಮತ್ತು ಫಿರಂಗಿಗಳು ಅದಕ್ಕೆ ದಾರಿಮಾಡಿದವು. ಗಿರಣಿಯ ಬಟ್ಟೆ, ಪಾಠಶಾಲೆ, ನ್ಯಾಯಾಲಯ, ಉಡುಪು, ಭಾಷೆ, ಕಾಲಗಣನೆ ಇವೆಲ್ಲವೂ ಒಮ್ಮೆಲೇ ಬಂದು ಬಾಗಿಲು ತಟ್ಟಿದವು. ತಟ್ಟಿದವರ ಕೈಯಲ್ಲಿ ಬಲವಿತ್ತು; ತೆರೆಯದಿದ್ದರೆ ಮುರಿಯುವ ಬೆದರಿಕೆಯೂ ಇತ್ತು. ಇಂತಹ ಸ್ಥಿತಿಯಲ್ಲಿ ಒಂದು ಸಮಾಜ ಏನು ಮಾಡಬೇಕು? ಬಾಗಿಲನ್ನು ಬಲವಾಗಿ ಹಾಕಿಕೊಳ್ಳಬೇಕೆ? ಬಂದುದೆಲ್ಲವನ್ನೂ ಒಳಗೆ ಕರೆಯಬೇಕೆ? ಅಥವಾ ಹೊಸಿಲಲ್ಲಿ ನಿಂತು ಒಂದೊಂದನ್ನೂ ನೋಡಿ ಆರಿಸಿಕೊಳ್ಳಬೇಕೆ?

ಭಾರತದಂತೆ ಪರಾಧೀನವಾಗಿದ್ದ ನಾಡುಗಳಿಗೆ ಆರಿಸಿಕೊಳ್ಳುವ ಅವಕಾಶ ಬಹಳ ಕಡಿಮೆಯಿತ್ತು. ಯಾವ ಶಾಲೆ ಬೇಕು, ಯಾವ ಕಾನೂನು ಬೇಕು ಎಂಬುದನ್ನು ನಮ್ಮ ಪರವಾಗಿ ಅನ್ಯರೇ ತೀರ್ಮಾನಿಸಿದರು. ಆದುದರಿಂದ ಈ ಪ್ರಶ್ನೆಯನ್ನು ಪರೀಕ್ಷಿಸಲು, ಸ್ವತಂತ್ರವಾಗಿ ಉಳಿದು ತಾನೇ ಆರಿಸಿಕೊಂಡ ಒಂದು ನಾಡಿನ ಚರಿತ್ರೆಯನ್ನು ನೋಡುವುದು ಒಳ್ಳೆಯದು. ಅಂತಹ ನಾಡು ಜಪಾನ್. ಅದರ ಜಾಣ್ಮೆಯಿಂದಲೂ ಅದರ ತಪ್ಪುಗಳಿಂದಲೂ ಕಲಿಯಬೇಕಾದುದು ಬಹಳವಿದೆ.

ಹದಿನೇಳನೆಯ ಶತಮಾನದ ಮೊದಲ ಭಾಗದಲ್ಲಿ ಜಪಾನಿನ ಆಳರಸರಾದ ತೊಕುಗಾವಾ ವಂಶದ ಶೋಗನ್ನರು ಯೂರೋಪಿನ ವರ್ತಕರನ್ನೂ ಪಾದ್ರಿಗಳನ್ನೂ ದೇಶದಿಂದ ಹೊರಗೆ ಕಳುಹಿಸಿದರು. ಪೋರ್ಚುಗೀಸರಿಗೆ ೧೬೩೯ರಲ್ಲಿ ಪ್ರವೇಶ ನಿಷಿದ್ಧವಾಯಿತು. ಯೂರೋಪಿನವರಲ್ಲಿ ಡಚ್ಚರಿಗೆ ಮಾತ್ರ ನಾಗಸಾಕಿ ಬಂದರಿನ ದೆಜಿಮಾ ಎಂಬ ಕೃತಕ ನಡುಗಡ್ಡೆಯಲ್ಲಿ ವ್ಯಾಪಾರಕ್ಕೆ ಅನುಮತಿಯಿತ್ತು. ಆ ನಡುಗಡ್ಡೆ ಒಂದು ಸಣ್ಣ ಕಿಟಕಿಯಂತಿತ್ತು. ಅದರ ಮೂಲಕ ಇಣುಕಿ ನೋಡಿದ ಕೆಲವರು ಕಂಡುಕೊಂಡುದು ಮಾತ್ರ ಸಣ್ಣದಾಗಿರಲಿಲ್ಲ.

೧೭೭೧ರಲ್ಲಿ ಸುಗಿತಾ ಗೆಂಪಾಕು, ಮಾಯೇನೋ ರಿಯೋತಾಕು ಮೊದಲಾದ ವೈದ್ಯರು ಎದೋ ನಗರದಲ್ಲಿ, ಎಂದರೆ ಇಂದಿನ ಟೋಕಿಯೋದಲ್ಲಿ, ಮರಣದಂಡನೆಗೆ ಗುರಿಯಾದ ಅಪರಾಧಿಯೊಬ್ಬರ ಶವಚ್ಛೇದನವನ್ನು ನೋಡಲು ಹೋದರು. ಅವರ ಕೈಯಲ್ಲಿ ಡಚ್ ಭಾಷೆಯ ಶರೀರಶಾಸ್ತ್ರದ ಪುಸ್ತಕವೊಂದಿತ್ತು. ಅದರಲ್ಲಿನ ಚಿತ್ರಗಳಿಗೂ ಕಣ್ಣೆದುರಿನ ಅಂಗಾಂಗಗಳಿಗೂ ಸ್ವಲ್ಪವೂ ವ್ಯತ್ಯಾಸ ಕಾಣಲಿಲ್ಲ. ಅವರು ಗುರುಗಳಿಂದ ಕಲಿತಿದ್ದ ಹಳೆಯ ಚಿತ್ರಗಳಾದರೋ ಹೊಂದಿಕೆಯಾಗಲಿಲ್ಲ. ಆ ಪುಸ್ತಕವನ್ನು ಜಪಾನೀಯರು ಓದುವಂತೆ ಮಾಡಲೇಬೇಕೆಂದು ಅವರು ಅಂದೇ ನಿಶ್ಚಯಿಸಿದರು. ಆದರೆ ಅವರಲ್ಲಿ ಮಾಯೇನೋ ಒಬ್ಬರ ಹೊರತು ಉಳಿದವರಿಗೆ ಡಚ್ ಭಾಷೆ ಹೆಚ್ಚುಕಡಿಮೆ ತಿಳಿದೇ ಇರಲಿಲ್ಲ. ಆಶ್ರಯಿಸಲು ತಕ್ಕ ನಿಘಂಟೂ ಇರಲಿಲ್ಲ. ಹುಬ್ಬು ಎಂದರೇನೆಂಬುದನ್ನು ತಿಳಿಸುವ ಒಂದು ಸರಳ ವಾಕ್ಯದ ಅರ್ಥ ಹೊಳೆಯದೆ ವಸಂತಕಾಲದ ಒಂದು ಇಡೀ ದಿನ ಕಳೆದುಹೋಯಿತೆಂದು ಸುಗಿತಾ ತಮ್ಮ ವೃದ್ಧಾಪ್ಯದಲ್ಲಿ ನೆನೆದಿದ್ದಾರೆ. ಮೂರು ವರ್ಷಗಳ ಪರಿಶ್ರಮದ ಅನಂತರ, ೧೭೭೪ರಲ್ಲಿ, ಆ ಗ್ರಂಥ ಪ್ರಕಟವಾಯಿತು. ನರಗಳಿಗೆ ಅವರು ಹೊಸದಾಗಿ ಕಟ್ಟಿದ ‘ಶಿಂಕೇಯ್’ ಎಂಬ ಪದ ಇಂದಿಗೂ ಜಪಾನೀ ಭಾಷೆಯಲ್ಲಿ ಬಳಕೆಯಲ್ಲಿದೆ.

ಈ ವೈದ್ಯರ ಮೇಲೆ ಯಾರ ಒತ್ತಾಯವೂ ಇರಲಿಲ್ಲ. ಅವರು ಡಚ್ಚರ ಉಡುಪನ್ನು ತೊಡಲಿಲ್ಲ. ಡಚ್ಚರ ಊಟಕ್ಕೆ ಹಂಬಲಿಸಲಿಲ್ಲ. ಪರರಲ್ಲಿ ಸತ್ಯವೊಂದು ಕಂಡಿತು. ಅದನ್ನು ತಮ್ಮ ನುಡಿಗೆ ತಂದುಕೊಂಡರು. ಎರವಲಿನ ಅತ್ಯುತ್ತಮ ರೀತಿ ಇದು. ಆದರೆ ಇಂತಹ ನಿಧಾನವಾದ, ಸ್ವಇಚ್ಛೆಯ ಕಲಿಕೆಗೆ ಚರಿತ್ರೆ ಬಹುಕಾಲ ಅವಕಾಶ ಕೊಡಲಿಲ್ಲ.

೧೮೫೩ರ ಜುಲೈ ತಿಂಗಳಿನಲ್ಲಿ ಅಮೆರಿಕದ ನೌಕಾಧಿಕಾರಿ ಮ್ಯಾಥ್ಯೂ ಪೆರಿ ನಾಲ್ಕು ಯುದ್ಧನೌಕೆಗಳೊಡನೆ ಎದೋ ಕೊಲ್ಲಿಯ ಬಾಯಿಗೆ ಬಂದು ನಿಂತರು. ವ್ಯಾಪಾರಕ್ಕೆ ಬಂದರುಗಳನ್ನು ತೆರೆಯಬೇಕೆಂಬುದು ಅವರು ತಂದ ಪತ್ರದ ಒಕ್ಕಣೆ. ಆ ಪತ್ರದ ಹಿಂದೆ ಫಿರಂಗಿಗಳಿದ್ದವು. ಮರುವರ್ಷ ಇನ್ನೂ ಹೆಚ್ಚಿನ ಹಡಗುಗಳೊಡನೆ ಅವರು ಹಿಂದಿರುಗಿದಾಗ ಶೋಗನ್ನರ ಸರ್ಕಾರ ಒಪ್ಪಂದಕ್ಕೆ ಸಹಿಮಾಡಿತು. ೧೮೫೮ರಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್, ರಷ್ಯಾ, ಹಾಲೆಂಡುಗಳೊಡನೆ ಆದ ಒಪ್ಪಂದಗಳು ಮತ್ತಷ್ಟು ಕಠಿಣವಾಗಿದ್ದವು. ಅವುಗಳ ಪ್ರಕಾರ ಜಪಾನಿನ ನೆಲದಲ್ಲಿ ತಪ್ಪುಮಾಡಿದ ವಿದೇಶೀಯರನ್ನು ಜಪಾನಿನ ನ್ಯಾಯಾಧೀಶರು ವಿಚಾರಿಸುವಂತಿರಲಿಲ್ಲ. ಆಮದು ಸರಕಿನ ಮೇಲೆ ತನಗೆ ಬೇಕಾದಷ್ಟು ಸುಂಕ ಹಾಕುವ ಹಕ್ಕೂ ಜಪಾನಿಗೆ ಉಳಿಯಲಿಲ್ಲ. ಇವನ್ನೇ ಚರಿತ್ರಕಾರರು ಅಸಮಾನ ಒಪ್ಪಂದಗಳೆಂದು ಕರೆಯುತ್ತಾರೆ. ಈ ಅವಮಾನದಿಂದ ಹುಟ್ಟಿದ ಕೋಲಾಹಲದಲ್ಲಿ ಶೋಗನ್ನರ ಆಡಳಿತ ಕುಸಿದು, ೧೮೬೮ರಲ್ಲಿ ಮೇಯ್ಜಿ ಚಕ್ರವರ್ತಿಯ ಹೆಸರಿನಲ್ಲಿ ಹೊಸ ಸರ್ಕಾರ ಸ್ಥಾಪಿತವಾಯಿತು.

ಹೊಸ ಆಳರಸರು ಪಾಶ್ಚಾತ್ಯರ ಬಲದ ಗುಟ್ಟನ್ನು ಅವರ ಮನೆಗೇ ಹೋಗಿ ತಿಳಿಯಲು ನಿಶ್ಚಯಿಸಿದರು. ೧೮೭೧ರ ಡಿಸೆಂಬರಿನಲ್ಲಿ ಇವಾಕುರಾ ತೊಮೊಮಿ ಎಂಬ ಹಿರಿಯ ರಾಜಪುರುಷರ ನೇತೃತ್ವದಲ್ಲಿ ನಿಯೋಗವೊಂದು ಯೊಕೊಹಾಮಾದಿಂದ ಹೊರಟಿತು. ಸರ್ಕಾರದ ಪ್ರಮುಖರಲ್ಲಿ ಹಲವರು ಅದರಲ್ಲಿದ್ದರು. ಅಮೆರಿಕ ಮತ್ತು ಯೂರೋಪುಗಳ ಗಿರಣಿ, ಗಣಿ, ಶಾಲೆ, ಸೆರೆಮನೆ, ಶಾಸನಸಭೆಗಳನ್ನು ಅವರು ಸುಮಾರು ಎರಡು ವರ್ಷಗಳ ಕಾಲ ನೋಡಿದರು. ಕುಮೆ ಕುನಿತಾಕೆ ಎಂಬ ವಿದ್ವಾಂಸರು ಕಂಡುದೆಲ್ಲವನ್ನೂ ಬರೆದಿಟ್ಟು ೧೮೭೮ರಲ್ಲಿ ಐದು ಸಂಪುಟಗಳಲ್ಲಿ ಪ್ರಕಟಿಸಿದರು. ನಿಯೋಗದೊಡನೆ ಐವರು ಹೆಣ್ಣುಮಕ್ಕಳೂ ಓದಲೆಂದು ಅಮೆರಿಕಕ್ಕೆ ಹೋದರು. ಅವರಲ್ಲಿ ಅತ್ಯಂತ ಕಿರಿಯಳಾದ ತ್ಸುದಾ ಉಮೆಕೊ ಆಗ ಆರು ವರ್ಷದ ಬಾಲಕಿ. ಆಕೆಯೇ ಮುಂದೆ, ೧೯೦೦ರಲ್ಲಿ, ಟೋಕಿಯೋದಲ್ಲಿ ಸ್ತ್ರೀಯರ ಉನ್ನತ ಶಿಕ್ಷಣಕ್ಕಾಗಿ ಸಂಸ್ಥೆಯೊಂದನ್ನು ಸ್ಥಾಪಿಸಿದರು.

ಪಾಶ್ಚಾತ್ಯ ಸಂಸ್ಕೃತಿಯೆಂಬುದು ಒಂದೇ ಅಚ್ಚಿನ ವಸ್ತುವಲ್ಲವೆಂಬುದನ್ನು ಈ ಪ್ರವಾಸಿಗಳು ಅರಿತರು. ನೌಕಾಬಲಕ್ಕೆ ಬ್ರಿಟನ್, ವೈದ್ಯಕ್ಕೆ ಜರ್ಮನಿ, ರೇಷ್ಮೆಯ ಗಿರಣಿಗೆ ಫ್ರಾನ್ಸ್ ಎಂದು ಬೇರೆಬೇರೆ ಗುರುಗಳನ್ನು ಜಪಾನ್ ಆರಿಸಿಕೊಂಡಿತು. ಒಂದು ಮಾದರಿ ಹೊಂದದಿದ್ದರೆ ಮತ್ತೊಂದಕ್ಕೆ ತಿರುಗಲೂ ಹಿಂಜರಿಯಲಿಲ್ಲ; ಭೂಸೇನೆಯಲ್ಲಿ ಮೊದಲು ಫ್ರೆಂಚರ ಪದ್ಧತಿಯನ್ನು ಅನುಸರಿಸಿ, ಬಳಿಕ ಜರ್ಮನ್ನರ ಪದ್ಧತಿಯನ್ನು ಹಿಡಿಯಿತು. ಹೊರಗಿನ ತಜ್ಞರನ್ನು ಹೆಚ್ಚಿನ ಸಂಬಳ ಕೊಟ್ಟು ಕರೆಯಿಸಿತು. ತನ್ನವರು ಕಲಿತೊಡನೆ ಆ ಸ್ಥಾನಗಳಿಗೆ ತನ್ನವರನ್ನೇ ನೇಮಿಸಿತು.

ಇಷ್ಟಾದರೂ ಆ ಕಾಲದ ಜಪಾನೀಯರೆಲ್ಲರೂ ವಿವೇಕದಿಂದ ನಡೆದುಕೊಂಡರೆಂದು ಹೇಳುವಂತಿಲ್ಲ. ‘ನಾಗರಿಕತೆ ಮತ್ತು ಜ್ಞಾನೋದಯ’ ಎಂಬುದು ಅಂದಿನ ಘೋಷವಾಯಿತು. ಶತಮಾನಗಳಿಂದ ಬಂದ ಜುಟ್ಟನ್ನು ಕತ್ತರಿಸುವುದು ಪ್ರಗತಿಯ ಚಿಹ್ನೆಯಾಯಿತು. ಬೌದ್ಧಧರ್ಮದ ಪ್ರಭಾವದಿಂದ ಬಹುಕಾಲ ವರ್ಜ್ಯವೆನಿಸಿದ್ದ ಗೋಮಾಂಸವನ್ನು ತಿನ್ನುವುದು ನಾಗರಿಕರ ಲಕ್ಷಣವೆನಿಸಿತು. ಚಕ್ರವರ್ತಿಯೇ ಮಾಂಸಾಹಾರವನ್ನು ಸ್ವೀಕರಿಸಿದ ಸುದ್ದಿಯನ್ನು ೧೮೭೨ರಲ್ಲಿ ಪ್ರಚಾರಮಾಡಲಾಯಿತು. ಅದೇ ವರ್ಷದ ಕೊನೆಗೆ ಹಳೆಯ ಚಾಂದ್ರಮಾನ ಪಂಚಾಂಗವನ್ನು ಕೈಬಿಟ್ಟು, ಹನ್ನೆರಡನೆಯ ತಿಂಗಳ ಮೂರನೆಯ ದಿನವನ್ನೇ ೧೮೭೩ರ ಜನವರಿ ಒಂದನೆಯ ತಾರೀಖೆಂದು ಸರ್ಕಾರ ಸಾರಿತು. ನಾಟಿ, ಕಟಾವು, ಹಬ್ಬ, ಪಿತೃಪೂಜೆಗಳನ್ನು ಚಂದ್ರನ ಗತಿಯೊಡನೆ ಹೊಂದಿಸಿಕೊಂಡಿದ್ದ ರೈತನಿಗೆ ಇದು ಕೈಯಳತೆಯ ಕೋಲನ್ನೇ ಕಸಿದುಕೊಂಡಂತಾಯಿತು. ಪಿತೃಗಳನ್ನು ನೆನೆಯುವ ‘ಒಬೊನ್’ ಹಬ್ಬವನ್ನು ಜಪಾನಿನ ಕೆಲವು ಪ್ರದೇಶಗಳವರು ಜುಲೈಯಲ್ಲಿಯೂ ಮತ್ತೆ ಕೆಲವರು ಆಗಸ್ಟಿನಲ್ಲಿಯೂ ಆಚರಿಸುವುದನ್ನು ಇಂದಿಗೂ ಕಾಣಬಹುದು. ಒಂದು ಆಜ್ಞೆಯಿಂದ ಪಂಚಾಂಗವನ್ನು ಬದಲಾಯಿಸಬಹುದು. ಜನಜೀವನದ ಲಯವನ್ನು ಬದಲಾಯಿಸುವುದು ಅಷ್ಟು ಸುಲಭವಲ್ಲ.

ಅನುಕರಣೆಯ ಈ ಪ್ರವಾಹ ಉಕ್ಕಿ ಹರಿದುದು ೧೮೮೩ರಲ್ಲಿ ಟೋಕಿಯೋದಲ್ಲಿ ಕಟ್ಟಿಸಿದ ‘ರೊಕುಮೇಯ್‌ಕಾನ್’ ಎಂಬ ಭವನದಲ್ಲಿ. ಜೊಸಾಯಾ ಕಾಂಡರ್ ಎಂಬ ಆಂಗ್ಲ ವಾಸ್ತುಶಿಲ್ಪಿ ಅದನ್ನು ರಚಿಸಿದರು. ಅಲ್ಲಿ ಜಪಾನಿನ ಮಂತ್ರಿಗಳು ಉದ್ದ ಕೋಟುಗಳನ್ನು ತೊಟ್ಟು, ಅವರ ಪತ್ನಿಯರು ಯೂರೋಪಿನ ನಿಲುವಂಗಿಗಳನ್ನು ತೊಟ್ಟು, ವಿದೇಶೀ ರಾಯಭಾರಿಗಳೊಡನೆ ನರ್ತಿಸುತ್ತಿದ್ದರು. ಇದು ಬರಿಯ ಶೋಕಿಯಾಗಿರಲಿಲ್ಲ. ನಾವೂ ನಿಮ್ಮಂತೆಯೇ ನಾಗರಿಕರು, ಆದುದರಿಂದ ಅಸಮಾನ ಒಪ್ಪಂದಗಳನ್ನು ತಿದ್ದಿರಿ ಎಂದು ತೋರಿಸಿಕೊಳ್ಳುವ ಉಪಾಯವಾಗಿತ್ತು. ಉಪಾಯ ಫಲಿಸಿತೆ? ಇಲ್ಲ. ಒಪ್ಪಂದದ ಮಾತುಕತೆಗಳು ೧೮೮೭ರಲ್ಲಿ ಮುರಿದುಬಿದ್ದು, ವಿದೇಶಾಂಗ ಮಂತ್ರಿ ಇನೋಯೆ ಕಾವೊರು ರಾಜೀನಾಮೆ ಕೊಡಬೇಕಾಯಿತು. ೧೮೮೯ರಲ್ಲಿ ಸಂವಿಧಾನವನ್ನು ಘೋಷಿಸಿ, ಕಾನೂನುಗಳನ್ನು ಕ್ರಮಪಡಿಸಿ, ತನ್ನ ಬಲವನ್ನು ಹೆಚ್ಚಿಸಿಕೊಂಡ ಮೇಲೆಯೇ ೧೮೯೪ರಲ್ಲಿ ಬ್ರಿಟನ್ ಹೊಸ ಒಪ್ಪಂದಕ್ಕೆ ಒಪ್ಪಿತು. ಸುಂಕದ ಪೂರ್ಣ ಸ್ವಾತಂತ್ರ್ಯ ಲಭಿಸಿದುದು ೧೯೧೧ರಲ್ಲಿ. ಪರರ ವೇಷವನ್ನು ತೊಟ್ಟು ನರ್ತಿಸಿದವರಿಗೆ ಮೆಚ್ಚುಗೆಯ ನಗೆ ದೊರೆತಿರಬಹುದು, ಸಮಾನತೆ ದೊರೆಯಲಿಲ್ಲ.

ಹೊಸತರ ಮೋಹವು ಹಳೆಯದರ ತಾತ್ಸಾರಕ್ಕೂ ಕಾರಣವಾಗುತ್ತದೆ. ಮೇಯ್ಜಿ ಯುಗದ ಆರಂಭದಲ್ಲಿ, ಹೊಸ ಸರ್ಕಾರದ ಧಾರ್ಮಿಕ ನೀತಿಯಿಂದ ಬೌದ್ಧ ದೇವಾಲಯಗಳು ಆಶ್ರಯವನ್ನು ಕಳೆದುಕೊಂಡಿದ್ದವು. ಎಷ್ಟೋ ವಿಗ್ರಹಗಳೂ ಚಿತ್ರಪಟಗಳೂ ಅಲ್ಪಬೆಲೆಗೆ ಮಾರಾಟವಾಗಿ ಕಡಲಾಚೆಗೆ ಹೋದವು. ಆಗ ಅವುಗಳ ಬೆಲೆಯನ್ನು ಎತ್ತಿ ಹೇಳಿದವರಲ್ಲಿ ಅಮೆರಿಕದಿಂದ ಪಾಠ ಹೇಳಲು ಬಂದಿದ್ದ ಅರ್ನೆಸ್ಟ್ ಫೆನೊಲೋಸಾ ಒಬ್ಬರು; ಅವರ ಶಿಷ್ಯ ಒಕಾಕುರಾ ಕಾಕುಜೊ ಇನ್ನೊಬ್ಬರು. ಇಬ್ಬರೂ ಹಳೆಯ ದೇವಾಲಯಗಳನ್ನು ಸುತ್ತಿ ಕಲಾವಸ್ತುಗಳನ್ನು ಪರಿಶೀಲಿಸಿದರು. ೧೮೮೯ರಲ್ಲಿ ಟೋಕಿಯೋದಲ್ಲಿ ಆರಂಭವಾದ ಲಲಿತಕಲಾ ಶಾಲೆಯಲ್ಲಿ ಮೊದಲು ಕಲಿಸಿದುದು ನಾಡಿನ ಪರಂಪರೆಯ ಕಲೆಗಳನ್ನೇ. ಪಾಶ್ಚಾತ್ಯ ಚಿತ್ರಕಲೆಗೆ ಅಲ್ಲಿ ಸ್ಥಾನ ದೊರೆತುದು ೧೮೯೬ರಲ್ಲಿ. ಪ್ರಾಚೀನ ದೇವಾಲಯಗಳ ರಕ್ಷಣೆಗೆ ೧೮೯೭ರಲ್ಲಿ ಶಾಸನವಾಯಿತು. ಇತ್ತ ಜಪಾನೀಯರು ಯೂರೋಪಿನ ತೈಲಚಿತ್ರಗಳಿಗೆ ಬೆರಗಾಗಿದ್ದಾಗಲೇ, ಅತ್ತ ಯೂರೋಪಿನ ಕಲಾವಿದರು ಜಪಾನಿನ ಮರದಚ್ಚಿನ ಚಿತ್ರಗಳಿಗೆ ಬೆರಗಾಗಿದ್ದರು. ವಿನ್ಸೆಂಟ್ ವ್ಯಾನ್ ಗೋ ೧೮೮೭ರಲ್ಲಿ ಹಿರೊಶಿಗೆಯ ಚಿತ್ರಗಳನ್ನು ಎದುರಿಗಿಟ್ಟುಕೊಂಡು ನಕಲುಮಾಡಿ ಕಲಿತರು. ನಾವು ಕಡೆಗಣಿಸಿದುದನ್ನು ಅನ್ಯರು ಕಣ್ಣಿಗೊತ್ತಿಕೊಳ್ಳುವುದು ಲೋಕದಲ್ಲಿ ಅಪರೂಪವೇನೂ ಅಲ್ಲ.

ಪಾಶ್ಚಾತ್ಯ ಪ್ರಭಾವದ ಎದುರಿನಲ್ಲಿ ಜಪಾನ್ ಕೈಗೊಂಡ ನಿರ್ಧಾರಗಳಲ್ಲಿ ಭಾಷೆಯ ವಿಷಯದ ನಿರ್ಧಾರ ಅತ್ಯಂತ ಮುಖ್ಯವಾದುದು. ೧೮೭೦ರ ದಶಕದ ಮೊದಲ ವರ್ಷಗಳಲ್ಲಿ ಮೋರಿ ಅರಿನೋರಿ ಎಂಬ ತರುಣ ರಾಯಭಾರಿ, ಆಧುನಿಕ ಜ್ಞಾನವನ್ನು ಪಡೆಯಲು ಜಪಾನೀ ಭಾಷೆ ಸಾಲದು, ಇಂಗ್ಲಿಷನ್ನೇ ಸ್ವೀಕರಿಸಬೇಕು ಎಂಬ ವಾದವನ್ನು ಮುಂದಿಟ್ಟರು. ಅಮೆರಿಕದ ಭಾಷಾವಿಜ್ಞಾನಿ ವಿಟ್ನಿ ಕೂಡ ಇದು ಸಲ್ಲದೆಂದು ಅವರಿಗೆ ತಿಳಿಸಿದರು. ಬಾಬಾ ತಾತ್ಸುಯಿ ಎಂಬ ಇನ್ನೊಬ್ಬ ತರುಣರು ೧೮೭೩ರಲ್ಲಿ ಜಪಾನೀ ಭಾಷೆಯ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿಯೇ ಬರೆದು ಮೋರಿಯವರ ವಾದವನ್ನು ಖಂಡಿಸಿದರು. ಪರಭಾಷೆಯು ಜ್ಞಾನದ ಏಕೈಕ ಬಾಗಿಲಾದರೆ, ಅದನ್ನು ಕಲಿಯಲು ಬಿಡುವೂ ಹಣವೂ ಉಳ್ಳವರು ಒಂದು ಕಡೆ, ದುಡಿಯುವ ಬಹುಜನರು ಮತ್ತೊಂದು ಕಡೆ ಆಗಿ ಸಮಾಜವೇ ಸೀಳಿಹೋಗುತ್ತದೆಯೆಂಬುದು ಅವರ ಆಕ್ಷೇಪಣೆಯ ತಿರುಳು. ನೂರೈವತ್ತು ವರ್ಷಗಳು ಕಳೆದರೂ ಆ ಮಾತಿನ ಮೊನೆ ಮೊಂಡಾಗಿಲ್ಲ.

ಜಪಾನ್ ಮೋರಿಯವರ ದಾರಿಯನ್ನು ಹಿಡಿಯಲಿಲ್ಲ. ಸುಗಿತಾ ಗೆಂಪಾಕು ತೋರಿದ ದಾರಿಯನ್ನು ಹಿಡಿಯಿತು. ನಿಶಿ ಅಮಾನೆ ಎಂಬ ವಿದ್ವಾಂಸರು ತತ್ತ್ವಶಾಸ್ತ್ರಕ್ಕೆ ‘ತೆತ್ಸುಗಾಕು’ ಎಂಬ ಪದವನ್ನು ಕಟ್ಟಿದರು. ಸಮಾಜ ಎಂಬರ್ಥದಲ್ಲಿ ‘ಶಕಾಯ್’ ಎಂಬ ಪದ ನೆಲೆಗೊಂಡಿತು. ಚೀನೀ ಲಿಪಿಯ ಅಕ್ಷರಗಳಿಂದ ಕಟ್ಟಿದ ಇಂತಹ ಅನೇಕ ಪದಗಳನ್ನು ಮುಂದೆ ಚೀನಾ ಮತ್ತು ಕೊರಿಯಾಗಳೂ ಬಳಸಿಕೊಂಡವು. ಫುಕುಜಾವಾ ಯುಕಿಚಿಯವರು ೧೮೭೨ರಿಂದ ೧೮೭೬ರವರೆಗೆ ಬಿಡಿ ಹೊತ್ತಗೆಗಳಾಗಿ ಪ್ರಕಟಿಸಿದ, ವಿದ್ಯೆಯ ಅವಶ್ಯಕತೆಯನ್ನು ಬೋಧಿಸುವ ಗ್ರಂಥವನ್ನು ಸಾಮಾನ್ಯರೂ ಓದುವಂತಹ ತಿಳಿಯಾದ ಶೈಲಿಯಲ್ಲಿ ಬರೆದರು; ಅದರ ಪ್ರತಿಗಳು ಲಕ್ಷಗಟ್ಟಲೆ ಮಾರಾಟವಾದವು. ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ಮೊದಮೊದಲು ವಿದೇಶೀ ಅಧ್ಯಾಪಕರು ಇಂಗ್ಲಿಷ್ ಮತ್ತು ಜರ್ಮನ್ ಭಾಷೆಗಳಲ್ಲಿಯೇ ಪಾಠ ಹೇಳುತ್ತಿದ್ದರು. ಕ್ರಮೇಣ ಜಪಾನೀಯರು ಜಪಾನೀ ಭಾಷೆಯಲ್ಲಿ ಪಾಠ ಹೇಳತೊಡಗಿದರು. ವೈದ್ಯ, ಯಂತ್ರವಿದ್ಯೆ, ನ್ಯಾಯಶಾಸ್ತ್ರಗಳು ಹೀಗೆ ನಾಡನುಡಿಯಲ್ಲಿ ಬೇರುಬಿಟ್ಟವು.

ಈ ಬದಲಾವಣೆಗಳ ಬೆಲೆಯನ್ನು ತೆತ್ತವರು ಯಾರು ಎಂಬುದನ್ನೂ ನಾವು ಕೇಳಬೇಕು. ೧೮೭೨ರಲ್ಲಿ ಶಿಕ್ಷಣವನ್ನು ಎಲ್ಲರಿಗೂ ವಿಧಿಸಿದಾಗ ಶಾಲೆಯ ವೆಚ್ಚದ ಬಹುಭಾಗ ಬಿದ್ದುದು ಹಳ್ಳಿಗರ ಮೇಲೆ. ಮರುವರ್ಷ ಹೊಸ ಸೈನಿಕ ಕಾನೂನು ಅವರ ಗಂಡುಮಕ್ಕಳನ್ನು ಕೇಳಿತು. ರೊಚ್ಚಿಗೆದ್ದ ರೈತರು ಕೆಲವೆಡೆ ಶಾಲೆಗಳಿಗೇ ಬೆಂಕಿಯಿಟ್ಟರು. ವಿದ್ಯೆಯ ಮೇಲಿನ ದ್ವೇಷದಿಂದ ಅವರು ಹೀಗೆ ಮಾಡಲಿಲ್ಲ. ತಮ್ಮನ್ನು ಕೇಳದೆ ತಮ್ಮ ಹೆಗಲ ಮೇಲೆ ಹೊರಿಸಿದ ಭಾರ ಅವರನ್ನು ಹಾಗೆ ಮಾಡಿಸಿತು. ೧೮೭೨ರಲ್ಲಿ ತೊಮಿಯೋಕಾ ಎಂಬಲ್ಲಿ ಸರ್ಕಾರವು ಫ್ರೆಂಚ್ ತಜ್ಞ ಪಾಲ್ ಬ್ರುನಾರ ಮಾರ್ಗದರ್ಶನದಲ್ಲಿ ರೇಷ್ಮೆನೂಲು ತೆಗೆಯುವ ಗಿರಣಿಯನ್ನು ಸ್ಥಾಪಿಸಿತು. ವಿದೇಶೀಯರು ಕುಡಿಯುತ್ತಿದ್ದ ಕೆಂಪು ದ್ರಾಕ್ಷಾರಸವನ್ನು ರಕ್ತವೆಂದು ಭಾವಿಸಿ, ಹೆಣ್ಣುಮಕ್ಕಳನ್ನು ಅಲ್ಲಿಗೆ ಕಳುಹಿಸಲು ತಂದೆತಾಯಿಗಳು ಹೆದರಿದರಂತೆ. ಧೈರ್ಯಮಾಡಿ ಹೋದ ತರುಣಿಯರಲ್ಲಿ ವಾದಾ ಏಯ್ ಒಬ್ಬರು. ಆಕೆ ಕೆಲಸವನ್ನು ಕಲಿತು ತಮ್ಮ ಊರಿಗೆ ಹಿಂದಿರುಗಿ, ಅಲ್ಲಿನ ಗಿರಣಿಯಲ್ಲಿ ಇತರರಿಗೆ ಕಲಿಸಿದರು. ಮುಂದಿನ ತಲೆಮಾರಿನ ಹುಡುಗಿಯರ ಪಾಡು ಇಷ್ಟು ನೆಮ್ಮದಿಯದಾಗಿರಲಿಲ್ಲ. ಖಾಸಗಿ ಗಿರಣಿಗಳಲ್ಲಿ ದೀರ್ಘಕಾಲ ದುಡಿದು, ಕ್ಷಯರೋಗಕ್ಕೆ ತುತ್ತಾದವರು ಅನೇಕರು. ಯುದ್ಧನೌಕೆಗಳಿಗೂ ಯಂತ್ರಗಳಿಗೂ ಬೇಕಾದ ಹಣದಲ್ಲಿ ರೇಷ್ಮೆಯ ಪಾಲು ದೊಡ್ಡದು. ಆ ರೇಷ್ಮೆಯ ಎಳೆ ಈ ಹುಡುಗಿಯರ ಬೆರಳುಗಳ ನಡುವಿನಿಂದ ಬಂದುದು.

ಈ ರೇಷ್ಮೆಯ ಎಳೆ ಕನ್ನಡ ನಾಡಿನವರೆಗೂ ಚಾಚಿತು. ಜಮ್‌ಶೆಟ್‌ಜಿ ಟಾಟಾ ಅವರು ೧೮೯೦ರ ದಶಕದಲ್ಲಿ ಬೆಂಗಳೂರಿನಲ್ಲಿ ರೇಷ್ಮೆ ಕೃಷಿಕ್ಷೇತ್ರವೊಂದನ್ನು ಸ್ಥಾಪಿಸಿ, ಜಪಾನೀ ತಜ್ಞರನ್ನು ಕರೆಯಿಸಿ ಆ ನಾಡಿನ ಕ್ರಮಗಳನ್ನು ಇಲ್ಲಿನವರಿಗೆ ಕಲಿಸುವ ಏರ್ಪಾಡು ಮಾಡಿದರು. ಬಸವನಗುಡಿಯ ಬಳಿ ‘ಟಾಟಾ ಸಿಲ್ಕ್ ಫಾರಂ’ ಎಂಬ ಹೆಸರು ಇಂದಿಗೂ ಉಳಿದಿದೆ. ೧೮೯೮ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಜಪಾನಿಗೆ ಹೋಗಿ ಅಲ್ಲಿನ ಶಿಕ್ಷಣವನ್ನೂ ಕೈಗಾರಿಕೆಗಳನ್ನೂ ಕಣ್ಣಾರೆ ಕಂಡರು. ಏಷ್ಯಾದ ನಾಡೊಂದು ಪಾಶ್ಚಾತ್ಯರ ವಿದ್ಯೆಯನ್ನು ಕಲಿತು ಸ್ವಂತ ಕಾಲಮೇಲೆ ನಿಲ್ಲಬಲ್ಲದೆಂಬ ಸಂಗತಿ ಅಂದಿನ ಭಾರತೀಯರಿಗೆ ಹೊಸ ಭರವಸೆಯನ್ನು ಕೊಟ್ಟಿತು.

ಆದರೆ ಚರಿತ್ರೆಯ ಈ ಪುಟದ ಹಿಂಬದಿಯನ್ನು ಓದದೆ ಬಿಟ್ಟರೆ ಪಾಠ ಅರ್ಧವಾಗುತ್ತದೆ. ಜಪಾನ್ ಪಾಶ್ಚಾತ್ಯರಿಂದ ವಿದ್ಯೆಯನ್ನು ಮಾತ್ರ ಕಲಿಯಲಿಲ್ಲ, ಪರರನ್ನು ಆಳುವ ಹವ್ಯಾಸವನ್ನೂ ಕಲಿಯಿತು. ಪೆರಿಯ ನೌಕೆಗಳು ಬಂದು ಇಪ್ಪತ್ತೆರಡು ವರ್ಷಗಳಾಗಿದ್ದವು, ಅಷ್ಟೆ. ೧೮೭೫ರಲ್ಲಿ ಜಪಾನಿನ ಯುದ್ಧನೌಕೆಯೊಂದು ಕೊರಿಯಾದ ಗಂಗ್ವಾ ದ್ವೀಪದ ಬಳಿಗೆ ಹೋಗಿ ಗುಂಡಿನ ಕಾಳಗಕ್ಕೆ ಕಾರಣವಾಯಿತು. ಮರುವರ್ಷ ಕೊರಿಯಾ ಒಪ್ಪಂದಕ್ಕೆ ಸಹಿಹಾಕಬೇಕಾಯಿತು. ಕೊರಿಯಾದ ನೆಲದಲ್ಲಿ ತಪ್ಪುಮಾಡಿದ ಜಪಾನೀಯರನ್ನು ಕೊರಿಯಾದ ನ್ಯಾಯಾಧೀಶರು ವಿಚಾರಿಸುವಂತಿಲ್ಲ ಎಂಬ ನಿಬಂಧನೆ ಅದರಲ್ಲಿಯೂ ಇತ್ತು! ಯಾವ ಅವಮಾನದಿಂದ ತಾನು ನೊಂದಿತ್ತೋ ಅದೇ ಅವಮಾನವನ್ನು ನೆರೆಯ ನಾಡಿಗೆ ಜಪಾನ್ ಉಣಿಸಿತು. ೧೮೯೫ರಲ್ಲಿ ತೈವಾನ್, ೧೯೧೦ರಲ್ಲಿ ಕೊರಿಯಾ ಅದರ ವಶವಾದವು. ೧೯೪೦ರಲ್ಲಿ ಕೊರಿಯಾದ ಜನರು ತಮ್ಮ ಮನೆತನದ ಹೆಸರುಗಳನ್ನೇ ಜಪಾನೀ ರೀತಿಗೆ ಬದಲಾಯಿಸಿಕೊಳ್ಳುವಂತೆ ಒತ್ತಡ ಹೇರಲಾಯಿತು.

ತನ್ನ ಗಡಿಯೊಳಗಿನ ಅಲ್ಪಸಂಖ್ಯಾತರ ವಿಷಯದಲ್ಲಿಯೂ ಹೀಗೆಯೇ ಆಯಿತು. ಉತ್ತರದ ಹೊಕ್ಕಾಯ್ದೊ ದ್ವೀಪದಲ್ಲಿ ಐನು ಎಂಬ ಮೂಲನಿವಾಸಿಗಳಿದ್ದರು. ಅವರ ಸ್ತ್ರೀಯರ ಹಚ್ಚೆಯನ್ನೂ ಪುರುಷರ ಕಿವಿಯೋಲೆಯನ್ನೂ ೧೮೭೧ರಲ್ಲಿ ಸರ್ಕಾರ ನಿಷೇಧಿಸಿತು. ೧೮೯೯ರಲ್ಲಿ ‘ರಕ್ಷಣೆ’ಯ ಹೆಸರಿನಲ್ಲಿ ಮಾಡಿದ ಕಾನೂನಿನಿಂದ, ಬೇಟೆ ಮತ್ತು ಮೀನುಗಾರಿಕೆಯಿಂದ ಬದುಕಿದ್ದ ಅವರನ್ನು ಬೇಸಾಯಗಾರರನ್ನಾಗಿ ಮಾಡಲು ಹೊರಟಿತು, ಶಾಲೆಗಳಲ್ಲಿ ಅವರ ಮಕ್ಕಳಿಗೆ ಜಪಾನೀ ಭಾಷೆಯನ್ನೇ ಕಲಿಸಿತು. ಆ ಕಾನೂನು ರದ್ದಾದುದು ೧೯೯೭ರಲ್ಲಿ. ಐನು ಜನರನ್ನು ಮೂಲನಿವಾಸಿಗಳೆಂದು ಕಾನೂನಿನಲ್ಲಿ ಒಪ್ಪಿಕೊಂಡುದು ೨೦೧೯ರಲ್ಲಿ. ಅಷ್ಟರಲ್ಲಿ ಅವರ ನುಡಿ ಅಳಿವಿನ ಅಂಚನ್ನು ಮುಟ್ಟಿತ್ತು. ತನ್ನ ಭಾಷೆಯನ್ನು ಇಂಗ್ಲಿಷಿನ ಎದುರಿನಲ್ಲಿ ಉಳಿಸಿಕೊಂಡ ನಾಡೇ ಇನ್ನೊಬ್ಬರ ಭಾಷೆಯ ಬಾಯಿ ಕಟ್ಟಿತೆಂಬುದು ಚರಿತ್ರೆಯ ಕಹಿಯಾದ ವಿಪರ್ಯಾಸ.

೧೯೧೬ರಲ್ಲಿ ರವೀಂದ್ರನಾಥ ಠಾಕೂರರು ಜಪಾನಿಗೆ ಹೋದರು. ಅದಕ್ಕೂ ಮೊದಲೇ ಒಕಾಕುರಾ ಭಾರತಕ್ಕೆ ಬಂದು ಠಾಕೂರರ ಮನೆತನದ ಸ್ನೇಹವನ್ನು ಗಳಿಸಿದ್ದರು. ಜಪಾನೀಯರ ಸೌಂದರ್ಯಪ್ರಜ್ಞೆಯನ್ನೂ ಸಂಯಮವನ್ನೂ ಮನಸಾರೆ ಮೆಚ್ಚಿದ ಕವಿ, ಯೂರೋಪಿನಿಂದ ಬಂದ ಅಹಂಕಾರಪೂರಿತ ರಾಷ್ಟ್ರೀಯತೆಯನ್ನು ಆ ನಾಡು ಮೈಗೂಡಿಸಿಕೊಳ್ಳುತ್ತಿರುವುದನ್ನು ಕಂಡು ತಮ್ಮ ಉಪನ್ಯಾಸಗಳಲ್ಲಿ ಎಚ್ಚರಿಸಿದರು. ಈ ಎಚ್ಚರಿಕೆ ಅಲ್ಲಿ ಅನೇಕರಿಗೆ ರುಚಿಸಲಿಲ್ಲ. ಸೋತ ನಾಡಿನ ಕವಿಯ ಮಾತೆಂದು ಹಗುರವಾಗಿ ಕಂಡವರೂ ಇದ್ದರು. ೧೯೪೫ರಲ್ಲಿ ಜಪಾನಿನ ನಗರಗಳು ಬೂದಿಯಾದಾಗ ಆ ಮಾತಿನ ಸತ್ಯ ಎಲ್ಲರಿಗೂ ಕಾಣಿಸಿತು.

ಇದರಿಂದ ನಾವು ತಿಳಿಯಬೇಕಾದುದೇನು? ಪಾಶ್ಚಾತ್ಯವೆಂದ ಮಾತ್ರಕ್ಕೆ ಯಾವುದೂ ಗ್ರಾಹ್ಯವಲ್ಲ. ಪಾಶ್ಚಾತ್ಯವೆಂದ ಮಾತ್ರಕ್ಕೆ ಯಾವುದೂ ತ್ಯಾಜ್ಯವೂ ಅಲ್ಲ. ಹೊರಗಿನಿಂದ ಏನೇ ಬಂದರೂ ಮೂರು ಪ್ರಶ್ನೆಗಳನ್ನು ಕೇಳಬೇಕು. ಇದನ್ನು ಆರಿಸಿಕೊಂಡವರು ನಾವೋ, ಅಥವಾ ನಮ್ಮ ಮೇಲೆ ಹೇರಿದವರು ಇನ್ನಾರೋ? ಇದು ನಮ್ಮ ನುಡಿಗೆ ಬಂದು ಎಲ್ಲರಿಗೂ ದೊರೆಯುವಂತಾಯಿತೋ, ಅಥವಾ ಕೆಲವರ ಸೊತ್ತಾಗಿ ಉಳಿಯಿತೋ? ಇದರ ಬೆಲೆಯನ್ನು ತೆರುತ್ತಿರುವವರು ಯಾರು, ಫಲವನ್ನು ಉಣ್ಣುತ್ತಿರುವವರು ಯಾರು? ಸುಗಿತಾ ಗೆಂಪಾಕುವಿನ ಗ್ರಂಥ ಮೊದಲೆರಡು ಪ್ರಶ್ನೆಗಳಿಗೆ ತಕ್ಕ ಉತ್ತರ ಕೊಡುತ್ತದೆ. ರೊಕುಮೇಯ್‌ಕಾನಿನ ನರ್ತನ ಕೊಡಲಾರದು. ಗಂಗ್ವಾದ ಫಿರಂಗಿಯಂತೂ ಮೂರನೆಯ ಪ್ರಶ್ನೆಯ ಎದುರಿನಲ್ಲಿ ತಲೆ ತಗ್ಗಿಸಬೇಕಾಗುತ್ತದೆ.

ಕನ್ನಡಿಗರಲ್ಲಿಯೂ ಸುಗಿತಾನ ಹಾದಿಯಲ್ಲಿ ನಡೆದವರು ಆಗಿಹೋಗಿದ್ದಾರೆ. ಬಿ. ಎಂ. ಶ್ರೀಕಂಠಯ್ಯನವರು ೧೯೨೬ರಲ್ಲಿ ‘ಇಂಗ್ಲಿಷ್ ಗೀತಗಳು’ ಸಂಕಲನವನ್ನು ಪ್ರಕಟಿಸಿ, ಆಂಗ್ಲ ಕವಿತೆಗಳ ಚೈತನ್ಯವನ್ನು ಕನ್ನಡಕ್ಕೆ ತಂದು ಕನ್ನಡ ಕಾವ್ಯಕ್ಕೆ ಹೊಸ ನಡೆಯನ್ನು ಕೊಟ್ಟರು. ೧೯೩೫ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಬಾನುಲಿ ಕೇಂದ್ರ ‘ಆಕಾಶವಾಣಿ’ ಎಂಬ ಹೆಸರನ್ನು ಪಡೆಯಿತು. ಯಂತ್ರ ಪರದೇಶದ್ದು, ಹೆಸರು ನಮ್ಮದು. ಮುಂದೆ ಅದು ಇಡೀ ಭಾರತದ ಹೆಸರಾಯಿತು. ಶಿವರಾಮ ಕಾರಂತರು ‘ಬಾಲ ಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳ ಮೂಲಕ ಲೋಕದ ಅರಿವನ್ನು ಹಳ್ಳಿಯ ಹುಡುಗನ ಕೈಗೂ ನಿಲುಕುವಂತೆ ಮಾಡಿದರು. ಇವರು ಯಾರೂ ಇಂಗ್ಲಿಷಿಗೆ ಬೆನ್ನು ತಿರುಗಿಸಿದವರಲ್ಲ. ಆ ಬಾಗಿಲಿನಿಂದ ಹೋಗಿ, ಕೈತುಂಬ ತಂದು, ಮನೆಯವರಿಗೆಲ್ಲ ಹಂಚಿದವರು.

ಇಂದು ಪಡುವಣ ಗಾಳಿ ಹಡಗಿನಲ್ಲಿ ಬರುವುದಿಲ್ಲ; ಅಂಗೈಯಲ್ಲಿರುವ ಪುಟ್ಟ ಯಂತ್ರದಲ್ಲಿಯೇ ಬೀಸುತ್ತದೆ. ಫಿರಂಗಿಯ ಬೆದರಿಕೆ ಇಲ್ಲದಿರುವುದರಿಂದ ಅದು ಹೇರಿಕೆಯೆಂದು ನಮಗೆ ತೋರುವುದೂ ಇಲ್ಲ. ಆದುದರಿಂದಲೇ ಇಂದಿನ ವಿದ್ಯಾರ್ಥಿಗಳ ಹೊಣೆ ಹಿಂದಿನವರದಕ್ಕಿಂತ ಹೆಚ್ಚಿನದು. ಕಿಟಕಿಗಳನ್ನು ಮುಚ್ಚಬೇಕಾಗಿಲ್ಲ, ಬೀಸಿದ ಗಾಳಿಗೆಲ್ಲ ಮನೆಯ ದೀಪವನ್ನು ಒಡ್ಡಬೇಕಾಗಿಯೂ ಇಲ್ಲ. ಪರರ ಮನೆಯ ದೀಪದಿಂದ ನಮ್ಮ ಹಣತೆಯನ್ನು ಹೊತ್ತಿಸಿಕೊಂಡರೆ ಯಾರ ಬೆಳಕೂ ಕಡಿಮೆಯಾಗುವುದಿಲ್ಲ. ಹಣತೆ, ಎಣ್ಣೆ, ಬತ್ತಿಗಳನ್ನು ಮಾತ್ರ ನಾವೇ ಸಿದ್ಧಪಡಿಸಿಕೊಂಡಿರಬೇಕು. ನಮ್ಮ ಬೆಳಕಿನಿಂದ ನೆರೆಮನೆಗೆ ಬೆಂಕಿ ಬೀಳದಂತೆಯೂ ನೋಡಿಕೊಳ್ಳಬೇಕು.

ಅಭ್ಯಾಸ

೧. ಸುಗಿತಾ ಗೆಂಪಾಕು ಮತ್ತು ಅವರ ಸಂಗಡಿಗರು ಡಚ್ ಗ್ರಂಥವನ್ನು ಅನುವಾದಿಸಲು ಏಕೆ ನಿಶ್ಚಯಿಸಿದರು? ಅವರಿಗೆ ಎದುರಾದ ತೊಡಕುಗಳಾವುವು?

೨. ರೊಕುಮೇಯ್‌ಕಾನ್ ಭವನದ ನರ್ತನಕೂಟಗಳ ಉದ್ದೇಶವೇನಾಗಿತ್ತು? ಅದು ಫಲಿಸದೆ ಹೋದುದೇಕೆ?

೩. ಮೋರಿ ಅರಿನೋರಿ ಮತ್ತು ಬಾಬಾ ತಾತ್ಸುಯಿ ಇವರ ವಾದಗಳನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ. ನೀವು ಯಾರ ಪಕ್ಷವನ್ನು ಒಪ್ಪುತ್ತೀರಿ? ಕಾರಣ ಕೊಡಿರಿ.

೪. “ಯಾವ ಅವಮಾನದಿಂದ ತಾನು ನೊಂದಿತ್ತೋ ಅದೇ ಅವಮಾನವನ್ನು ನೆರೆಯ ನಾಡಿಗೆ ಜಪಾನ್ ಉಣಿಸಿತು.” ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.

೫. ನಿಮ್ಮ ಮನೆಯಲ್ಲಿ ದಿನಬಳಕೆಯಲ್ಲಿರುವ, ಹೊರನಾಡುಗಳಿಂದ ಬಂದ ಐದು ವಸ್ತುಗಳನ್ನು ಗುರುತಿಸಿ, ಪಾಠದ ಕೊನೆಯಲ್ಲಿ ಹೇಳಿರುವ ಮೂರು ಪ್ರಶ್ನೆಗ­ಳನ್ನು ಅವುಗಳಿಗೆ ಅನ್ವಯಿಸಿ ನೋಡಿರಿ.